ಮೂರನೇ ಕೊಂಬೆಯ ಹಕ್ಕಿ

“ಅಗೋ, ಮೂರನೇ ಕೊಂಬೆ! ಕಾಣಿಸ್ತಾ?” ಹಕ್ಕಿ ತಾತ ಪಿಸುಗುಟ್ಟಿದರು.

“ಕಾಣಿಸ್ತು!” ಎಂದರು ಮಕ್ಕಳೆಲ್ಲ. ಎಲ್ಲರಿಗಿಂತ ಜೋರಾಗಿ ಹೇಳಿದವಳು ಚಿನಕುರುಳಿ. ಮಾತು ಜಾಸ್ತಿ ಅಂತ ಕ್ಲಾಸಿನವರು ಇಟ್ಟ ಹೆಸರದು.

ನಿಜ ಹೇಳಬೇಕೆಂದರೆ ಅವಳಿಗೆ ಕಂಡಿದ್ದು ಬರೀ ಹಸಿರು. ತೊರೆಯ ಆಚೆ, ಆಗಷ್ಟೇ ಚಿಗುರಿದ ಮರಗಳೆಲ್ಲ ಕಲಸಿಹೋಗಿ ಒಂದೇ ಮುದ್ದೆಯಾಗಿದ್ದವು. ಹಾಗಂತ ಹೇಳಿದರೆ ಕನ್ನಡಕ ಬರುತ್ತೆ. ಕನ್ನಡಕ ಬಂದರೆ ‘ಸೋಡಾಬುಡ್ಡಿ’ ಅನ್ನೋ ಹೆಸರೂ ಬರುತ್ತೆ. ಅಣ್ಣನಿಗೆ ಆ ಹೆಸರು ಇಟ್ಟವಳು ಇವಳೇ ಅಲ್ಲವೇ!

“ಎದೆ ಯಾವ ಬಣ್ಣ ಅಂತ ಬರ್ಕೊಳ್ಳಲೇ?” ನೋಟ್‌ಬುಕ್ ಹಿಡಿದ ಗೆಳತಿ ಕೇಳಿದಳು.

“ನೀಲಿ.”

“ನೀಲೀನಾ? ಕೆಂಪು ಕಣೇ!”

ಎಲ್ಲರೂ ಗೊಳ್ಳೆಂದು ನಕ್ಕರು. ಚಿನಕುರುಳಿಯ ಮುಖ ಸಣ್ಣದಾಯಿತು. ಸಾಲಿನ ಕೊನೆಗೆ ಹೋಗಿ, ದಂಡೆಯ ಕಲ್ಲುಗಳನ್ನು ಒದೆಯುತ್ತಾ ನಡೆದಳು.

ತಾತ ಅಲ್ಲಿಗೇ ಬಂದರು. ತಮ್ಮ ವಾಚ್ ರಿಪೇರಿ ಅಂಗಡಿಯನ್ನು ಕಾಯಂ ಆಗಿ ಮುಚ್ಚಿದ ಮೇಲೆ ಮಕ್ಕಳಿಗೆ ಹಕ್ಕಿ ತೋರಿಸೋದೇ ಅವರ ಕೆಲಸ. ಈಗ ಬೈತಾರೆ ಅಂದುಕೊಂಡಳು.

“ಒಂದು ಸಹಾಯ ಮಾಡ್ತೀಯೇನಮ್ಮಾ?” ತಾತ ಕಿವಿಯಲ್ಲಿದ್ದ ಪುಟ್ಟ ಮೆಷಿನ್ ಮುಟ್ಟಿ ತೋರಿಸಿದರು. “ಇದನ್ನ ಹಾಕ್ಕೊಂಡ್ರೂ ಸಣ್ಣ ದನಿ ಕೇಳಿಸಲ್ಲ ನಂಗೆ. ಹಕ್ಕಿ ಯಾವ ಕಡೆ ಕೂಗ್ತಿದೆ, ಹೇಳು.”

ಟೈಮ್ ಎಷ್ಟು ಅಂತ ಕೇಳಿದಷ್ಟು ಸಲೀಸಾಗಿ, ಎಲ್ಲರೆದುರೇ ಹೇಳಿಬಿಟ್ಟರು! ಯಾರೂ ನಗಲಿಲ್ಲ.

ಚಿನಕುರುಳಿ ಕಣ್ಣು ಮುಚ್ಚಿದಳು. ನೀರಿನ ಜುಳುಜುಳು. ಅದರಾಚೆ, ಟುವ್ವಿ… ಟುವ್ವಿ…

“ಎಡಗಡೆ ತಾತ. ನೆಲದ ಹತ್ರಾನೇ ಇದೆ.”

“ಭಲೇ! ಇವನು ಬೇರೆ ಹಕ್ಕಿ, ಪೊದೇಲಿ ಕೂತಿದ್ದಾನೆ ಕಳ್ಳ. ನೋಡು, ನೋಡು.”

ಹೂಂ ಅನ್ನಲು ಬಾಯಿ ತೆರೆದಳು. ಯಾಕೋ ಹೂಂ ಬರಲಿಲ್ಲ.

“ನಂಗೆ ಕಾಣ್ಸಲ್ಲ ತಾತ. ಆಗಲೂ ಕಂಡಿರ್ಲಿಲ್ಲ.”

“ಹೌದಾ? ಹಾಗಾದ್ರೆ ಹೇಗಿದೆ ಅಂತ ನಾನು ಹೇಳ್ತೀನಿ. ಕಂದು ಮೈ. ಬಾಲ ಒಂದು ಕ್ಷಣ ಸುಮ್ನೆ ಇರಲ್ಲ.”

ಗೆಳತಿ ಓಡಿ ಬಂದಳು. “ಬೋರ್ಡೂ ಕಾಣಲ್ವೇನೇ?”

“ಊಹೂಂ.”

“ಅಯ್ಯೋ! ನನ್ನ ನೋಟ್ಸ್‌ಗೆ ಇಣುಕ್ತಿದ್ಯಲ್ಲ, ಕಾಪಿ ಹೊಡೀತೀಯ ಅಂದ್ಕೊಂಡಿದ್ದೆ!”

ಇಬ್ಬರಿಗೂ ನಗು ತಡೆಯಲಾಗಲಿಲ್ಲ.

“ಶ್!” ಎಂದರು ತಾತ. ಎಲ್ಲರೂ ನಿಂತರು. ಯಾರೂ ಮರದ ಕಡೆ ನೋಡುತ್ತಿರಲಿಲ್ಲ. ಚಿನಕುರುಳಿ ಯಾವ ಕಡೆ ಕೈ ತೋರಿಸುತ್ತಾಳೋ ಅಂತ ಕಾಯುತ್ತಿದ್ದರು.

ಅವಳು ಕಿವಿಗೊಟ್ಟಳು. ಸಂಜೆ ಅಮ್ಮನಿಗೆ ಕಣ್ಣಿನ ವಿಷಯ ಹೇಗೆ ಹೇಳೋದು ಅನ್ನೋ ಯೋಚನೆ ನಡುವೆ ಬಂತು. ತಾತ ತಮ್ಮ ಕಿವಿಯ ವಿಷಯ ಹೇಳಿದ ಹಾಗೇ ಸಲೀಸಾಗಿ ಹೇಳಿದರಾಯಿತು, ಅಷ್ಟೇ.