ಹಾಲುಮಡ್ಡಿ ಮರದ ಕುಟ್ಟೆ ಹುಳು

ಶಿರೂರಿನ ಮೇಲಿನ ಕಾಡಿನಲ್ಲಿ ಹಾಲುಮಡ್ಡಿ ಮರಗಳು ಒಣಗುತ್ತಿದ್ದವು. ತೊಗಟೆಗೆ ಗೀರು ಹಾಕಿ ಅಂಟು ತೆಗೆಯುವ ಭೋಜ ಎಂಬವನ ಮೇಲೆ ಊರೆಲ್ಲ ಬೆರಳು ತೋರಿಸಿತು. ಊರಿಗೇನು, ಬೆರಳಿಗೆ ಬರವೇ? "ಅಪ್ಪಯ್ಯ ಅಲ್ಲ, ಮರ ಕೊರೆಯುವ ಕುಟ್ಟೆ ಹುಳು ಕೊಂದದ್ದು," ಎಂದು ಕೀಟಶಾಸ್ತ್ರ ಓದುವ ಮಗಳು ಅಮಿತಾ ರೇಂಜರ್ ಸಚಿನ್ ಎದುರು ವಾದಿಸಿದಳು.

"ಹುಳು ತಂದು ತೋರಿಸಿ. ಹುಳುವೇ ಆದರೆ, ಹರಡುವ ಮೊದಲು ಉಳಿದ ಮರಗಳನ್ನೂ ಕಡಿಸಬೇಕಾಗುತ್ತದೆ," ಎಂದರು ಅವರು.

ಅಪ್ಪನ ಹೆಸರು ಉಳಿದರೆ ಸಾಕು ಎಂದು ಅವಳು ಅಪ್ಪನೊಂದಿಗೆ ಕಾಡು ಹತ್ತಿದಳು.

ಮಳೆ ನಿಂತಿದ್ದರೂ ನೆಲ ಜಾರುತ್ತಿತ್ತು, ರಕ್ತ ಹೀರುವ ಉಂಬಳಗಳು ಕಾಲು ಬಿಡುತ್ತಿರಲಿಲ್ಲ. ಮೇಲೆ ಬಂಡೆಯ ಅಂಚಿನಲ್ಲಿ ಒಣಗುತ್ತಿದ್ದ ಮರವೊಂದು ಸಿಕ್ಕಿತು. ತೊಗಟೆಯ ಸಣ್ಣ ತೂತುಗಳಿಂದ ಬಿಳಿ ಪುಡಿ ಉದುರುತ್ತಿತ್ತು. ಅದರಾಚೆ ಪ್ರಪಾತ.

ಅಮಿತಾ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಅಪ್ಪನ ಕೈಗೆ ಕೊಟ್ಟು ಅಂಚಿಗಿಳಿದಳು. ಉಳಿಯಿಂದ ಕೊರೆದು ಹುಳುಗಳನ್ನು ಡಬ್ಬಿಗೆ ತುಂಬಿದಳು. ಕಾಲಡಿಯ ಕಲ್ಲು ಕಳಚಿತು.

"ಹ್ವಾಯ್! ಹಗ್ಗ ಬಿಡ್ಬೇಡ, ನಾ ಎಳಿತೆ!"

ಅಂಗೈ ಸುಲಿದರೂ ಭೋಜ ಬಿಡಲಿಲ್ಲ. ಮಗಳನ್ನು ಮೇಲಕ್ಕೆಳೆದು ಏದುಸಿರಿನಲ್ಲೇ ಕೇಳಿದ, "ಎಂತ, ಸಿಕ್ತಾ ಕಳ್ಳ?"

"ಸಿಕ್ತ್ ಅಪ್ಪಯ್ಯ."

ಬಂಡೆಯ ಮೇಲೆ ಸಣ್ಣ ಮೈಕ್ರೋಸ್ಕೋಪ್ ಇಟ್ಟು, ಎಳ್ಳಿನಷ್ಟಿದ್ದ ಹುಳುವಿನ ಹೊಟ್ಟೆಯನ್ನು ಸೂಜಿಯಿಂದ ಸೀಳಿದಳು. ಹಸಿ ತೊಗಟೆ ತಿನ್ನುವ ಹುಳುವಾದರೆ ಗಂಟಲ ಕೆಳಗಿನ ಹಲ್ಲುಚೀಲದಲ್ಲಿ ಅರೆದ ತೊಗಟೆ ಇರಬೇಕು, ಕರುಳಿನುದ್ದಕ್ಕೂ ಕಂದು ಹಿಟ್ಟು ತುಂಬಿರಬೇಕು. ಒಂದು ಚೂರೂ ಇರಲಿಲ್ಲ. ಇದ್ದದ್ದು ಬರೀ ಬೂಷ್ಟು. ಇನ್ನೊಂದನ್ನು ಸೀಳಿದಳು, ಅದರಲ್ಲೂ ಬೂಷ್ಟೇ. ಮರ ಕೊರೆದ ಪುಡಿಯನ್ನು ಹೊರಗೆ ಚೆಲ್ಲಿ, ಸುರಂಗದಲ್ಲಿ ಬೂಷ್ಟು ಬೆಳೆಸಿ ಉಣ್ಣುವ ಜಾತಿ ಇದು. ಸಾಯುತ್ತಿರುವ ಮರವನ್ನೇ ಹುಡುಕಿ ಬರುತ್ತದೆ.

ಅವಳು ಬುಡ ನೋಡಿದಳು. ಕತ್ತಿಯ ಗೀರು ತೊಗಟೆ ದಾಟಿ ಮರಕ್ಕೇ ಇಳಿದು, ಸುತ್ತು ಬಂದಿತ್ತು. ಹಾಗೆ ಸುತ್ತ ಗೀರಿದರೆ ಬೇರಿಗೆ ಆಹಾರ ಇಳಿಯದೆ ಮರ ಒಣಗುತ್ತದೆ.

"ಇಷ್ಟ್ ಆಳ ಎಂತಕೆ ಗೀರಿದ್ದ್, ಅಪ್ಪಯ್ಯ?"

"ಸುತ್ತ ಗೀರ್ರೆ ಅಂಟು ಜಾಸ್ತಿ ಬತ್ತ್. ಅದನ್ನ ಹೇಳುಕ್ ಹೋಗ್ಬೇಡ. ಹುಳ ಅಂದೇಳಿ ಹೇಳ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಗೆ ಹೇಳಿದರೆ ಹಸಿರು ಮರಗಳೂ ಉರುಳುತ್ತವೆ. ಇಬ್ಬರೂ ಕಾಡಿಳಿದು ಬಸ್ಸಿನಲ್ಲಿ ರೇಂಜರ್ ಕಚೇರಿಗೆ ಹೋದರು.

"ಹುಳುವೇ ಕೊಂದದ್ದಾ?" ಸಚಿನ್ ಕೇಳಿದರು. ಅಂಗೈಗೆ ಬಟ್ಟೆ ಸುತ್ತಿಕೊಂಡು ಅಪ್ಪ ಪಕ್ಕದಲ್ಲೇ ನಿಂತಿದ್ದ.

"ಅಲ್ಲ ಸರ್. ಗೀರು," ಎಂದಳು ಅಮಿತಾ.

ಉಳಿದ ಮರಗಳಿಗೆ ಕೊಡಲಿ ಬೀಳಲಿಲ್ಲ. ಅಷ್ಟರ ಮಟ್ಟಿಗೆ ಅವಳು ಗೆದ್ದಳು. ಭೋಜನಿಗೆ ಕಾಡಿನ ದಾರಿ ಮುಚ್ಚಿತು.

ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಪಕ್ಕದ ಸೀಟಿನಿಂದ ಚೀಲ ತೆಗೆದು ಜಾಗ ಮಾಡಿದಳು. ಅಪ್ಪ ಅವಳನ್ನು ದಾಟಿ ಹಿಂದೆ ಹೋಗಿ ಕುಳಿತ.