ಮುಸಾಫಿರಖಾನೆಯ ಕೌದಿ

"ಜೈನಾಬೀ, ನನ್ನ ಮಗಳ ಕೌದಿ ಕಾಣವಲ್ದು!"

ಅಮರಮ್ಮನ ಕೂಗಿಗೆ ಮಸ್ಕಿಯ ಕೆರೆದಂಡೆಯ ಮುಸಾಫಿರಖಾನೆ ಮಧ್ಯಾಹ್ನದ ನಿದ್ದೆಯಿಂದ ಎದ್ದಿತು. ಆ ನಿಜಾಮರ ಕಾಲದಲ್ಲಿ ಬೆಟ್ಟದ ಶಾಸನ ನೋಡಲು ಬಂದವರು ಅಲ್ಲಿ ತಂಗಿ, ಹರಿಗೋಲಿನಲ್ಲಿ ಕೆರೆಯ ನಡುವಿನ ಮಂಟಪಕ್ಕೆ ಹೋಗಿ ಬರುತ್ತಿದ್ದರು. ಬಿರುಬೇಸಿಗೆಯಲ್ಲಿ ಅವರೂ ಇರಲಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿಗೆ, ಮೊಮ್ಮಗಳನ್ನು ನೋಡಲು ಹೊರಟಿದ್ದ ಅಮರಮ್ಮ ಎತ್ತುಗಳ ದಣಿವಾರಲೆಂದು ಇಳಿದಿದ್ದಳು. ಹೆರಿಗೆಯಲ್ಲಿ ತೀರಿಕೊಂಡ ಮಗಳು ಯಮನಮ್ಮ, ಹುಟ್ಟುವ ಕೂಸಿಗೆಂದು ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊಲಿದಿಟ್ಟ ಕೌದಿ ಅದು. ತಾಯಿಯ ಕೈ ತಾಕಿದ್ದು ಆ ಕೂಸಿಗೆ ಬೇರೇನೂ ಇರಲಿಲ್ಲ.

ಬಂಡಿ ಹೊಡೆಯುವ ಗದ್ದೆಪ್ಪನಿಗೆ ಆ ಸಂಕಟ ಗೊತ್ತಿತ್ತು. ಶಿವನ ಪಾದ ಸೇರಿದ ಹೆಂಡತಿಯ ಸೀರೆಯೊಂದನ್ನು ಅವನೂ ಬಂಡಿಯಲ್ಲಿ ಮಡಿಚಿಟ್ಟುಕೊಂಡಿದ್ದ. ಖಾನೆ ನೋಡಿಕೊಳ್ಳುವ ಮುದುಕಿ ಜೈನಾಬೀ ಎಷ್ಟೋ ಕಳವು ಪತ್ತೆಮಾಡಿದ್ದನ್ನು ಅವನು ಕಂಡವನು. ಎಂದಿನಂತೆ ಅವಳ ಬೆನ್ನು ಹತ್ತಿದ.

ಹೊರಗೆ ಹೋಗುವ ದಾರಿಯಲ್ಲಿ ಕುರಿ ತರುಬಿಕೊಂಡು ಮಾಳಿಂಗಪ್ಪ ಕೂತಿದ್ದ. "ಈ ದಾರಿ ಬಿಟ್ರ ಬ್ಯಾರೆ ದಾರಿ ಇಲ್ಲ. ಯಾರೂ ಹೋಗಿಲ್ಲ ಬೇ."

"ಹಂಗಾರ ನೀನ ಕಳ್ಳ!" ಗದ್ದೆಪ್ಪ ರೇಗಿದ.

"ನನ್ನ ಕಂಬಳಿ ಝಾಡಿಸಿ ನೋಡಲೇ. ಹೇನು ಸಿಕ್ರ ನೀನ ಇಟ್ಕೋ!"

ಜೈನಾಬೀ ನಗಲಿಲ್ಲ. ಅಮರಮ್ಮನ ಗಂಟು ಬಿಚ್ಚಿಸಿದಳು. ಕೂಸಿನ ಬೆಳ್ಳಿ ಉಡಿದಾರ ಹಾಗೇ ಇತ್ತು. ಆಮೇಲೆ ದಂಡೆಗೆ ಹೋದಳು. ಊರಿಗೆಲ್ಲ ಇದ್ದ ಒಂದೇ ಹರಿಗೋಲು ಬೋರಲು ಮಲಗಿತ್ತು.

"ಯಂಕೋಬ, ಇದು ನೀರಿಗಿಳಿದು ಎಷ್ಟು ದಿನ ಆತು?"

"ಮೂರು ದಿನ ಆತು ಬೇ. ಮಂದೀನ ಇಲ್ಲಲ್ಲ," ಎಂದ ಅಂಬಿಗ.

ಅವಳು ಹರಿಗೋಲಿನ ತೊಗಲನ್ನು ಬೆರಳಿನಿಂದ ತಟ್ಟಿ, ಎಲ್ಲರನ್ನೂ ಬೇವಿನ ನೆರಳಿಗೆ ಕರೆದಳು.

"ಬೆಳ್ಳಿ ಬಿಟ್ಟು ಕೌದಿ ಒಯ್ದವ ರೊಕ್ಕದ ಆಸೇಕ ಬಂದ ಕಳ್ಳ ಅಲ್ಲ. ದಾರ್ಯಾಗ ಮಾಳಿಂಗಪ್ಪನ ಕುರಿ. ಅವನ ಹತ್ರ ಕಂಬಳಿ ಬಿಟ್ರ ಏನಿಲ್ಲ. ಉಳಿದದ್ದು ನೀರು. ಇಂಥ ಬಿಸಲಾಗ ಮೂರು ದಿನ ಒಣಗಿದ ತೊಗಲು ಹಲಗಿ ಬಾರಿಸಿದಂಗ ಸಪ್ಪಳ ಆಗ್ಬೇಕು. ಇದು ಇನ್ನೂ ಮೆತ್ತಗೈತಿ. ಯಂಕೋಬ, ಮಂಟಪಕ್ಕ ಏನು ಒಯ್ದಿ?"

ಯಂಕೋಬ ಮಂಟಪದ ಕಡೆ ಕೈ ತೋರಿಸಿದ. "ಅದರಾಗಿನ ಹಸಿರು ತುಂಡು ನಾ ಕೊಡಿಸಿದ ಕುಬಸದ್ದು. ಏಳು ವರ್ಷದ ಹಿಂದ ಯಮನಮ್ಮನ್ನ ಹೆಣ್ಣು ಕೇಳಿ ಕಳಿಸಿದ್ದೆ. ಈ ತಾಯಿ ಅದನ್ನ ಅಪ್ಪಿ ಅಳೂದು ನೋಡಿ, ಆಕಿ ಇಲ್ಲ ಅಂತ ಗೊತ್ತಾತು. ಆಕೀದು ಅಂತ ಒಂದಾರ ಇರ್ಲಿ ಅಂತ ಒಯ್ದೆ."

ಅಮರಮ್ಮ ಅವನನ್ನೇ ನೋಡಿದಳು. "ನಾನ ನಿನ್ನ ಮಾರಿ ಸುದ್ದಾ ನೋಡದ ಒಲ್ಲೆ ಅಂದಿದ್ದೆ. ಆಕಿ ಆ ಕುಬಸ ಒಂದ ದಿನಾನೂ ತೊಡಲಿಲ್ಲ. ಎಸೀಲೂ ಇಲ್ಲ."

ಯಂಕೋಬ ಹರಿಗೋಲು ನೂಕಿಕೊಂಡು ಹೋಗಿ ಕೌದಿ ತಂದ. ಎರಡೂ ಕೈಯಲ್ಲಿ ನೀಡಿದ. "ಕೂಸಿಗೆ ಹೊದಸ್ರಿ."

ಬಂಡಿ ಹತ್ತಿದ ಅಮರಮ್ಮ ತಿರುಗಿದಳು. "ಸುಗ್ಗಿಗೆ ಆಕಿ ಮಗಳನ್ನ ಕರ್ಕೊಂಡು ಇದ ದಾರೀಲೆ ಬರ್ತೀನಿ. ಹರಗೋಲದಾಗ ಕೂಡಿಸಿ ಆಡಸ್ತೀಯೇನಪ್ಪ?"

ಗದ್ದೆಪ್ಪ ಎತ್ತುಗಳನ್ನು ಹೊಡೆದು, ಸ್ವಲ್ಪ ದೂರ ಹೋಗಿ ತಿರುಗಿ ನೋಡಿದ. ಅಂಬಿಗ ಆಗಲೇ ಹರಿಗೋಲಿನ ಒಳಗನ್ನು ಪಂಚೆಯಿಂದ ಒರೆಸುತ್ತಿದ್ದ.