ಟಿಕ್ ಅನ್ನುವ ಡಿಸ್ಕು

"ಮೇಜು ಮುಟ್ಟಿದರೆ ಕೈ ಸುಡ್ತೀನಿ!"

ನನ್ನ ಕೈಯಲ್ಲಿ ಕಾದ ಸಾಲ್ಡರಿಂಗ್ ಐರನ್. ಎದುರಿಗೆ ಇಬ್ಬರು. ದಪ್ಪಗಿದ್ದವನ ಕೈಯಲ್ಲಿ ಸುತ್ತಿಗೆ. ಕನ್ನಡಕದವನ ಮುಖದಲ್ಲಿ ನಗು.

ಸುತ್ತಿಗೆಗಿಂತ ನನಗೆ ಆ ನಗುವೇ ಭಯ!

ನನ್ನ ರಿಪೇರಿ ಅಂಗಡಿಯ ಮೇಜಿನ ಮೇಲೆ ಹಳೇ ಹಾರ್ಡ್ ಡಿಸ್ಕು. ಟಿಕ್... ಟಿಕ್... ಟಿಕ್...

"ಅದನ್ನ ಕೊಡಮ್ಮಾ. ನಾವು ಹೋಗ್ತಾ ಇರ್ತೀವಿ."

"ರಿಪೇರಿ ಆಗ್ಲಿ. ಸಂಜೆ ಬನ್ನಿ."

"ನಾಲ್ಕು ಗಂಟೆಗೆ ಸೇತುವೆ ಓಪನಿಂಗು. ಸಂಜೆ ತಗೊಂಡು ಏನ್ಮಾಡ್ಲಿ?"

ಗಡಿಯಾರದಲ್ಲಿ ಎರಡೂ ಐವತ್ತು.

ಆ ಡಿಸ್ಕನ್ನು ಬೆಳಿಗ್ಗೆ ತಂದವರು ಒಬ್ಬ ಟೀಚರ್. ಅವರಪ್ಪ ಸೇತುವೆಗಳ ಬಿರುಕು ಅಳೆಯುವ ಇಂಜಿನಿಯರು. ಹೊಸ ಸೇತುವೆಯ ಮೂರನೇ ಕಂಬ ನೆಲದೊಳಕ್ಕೆ ಕುಸಿಯುತ್ತಿದೆ ಎಂದು ಬರೆದಿಟ್ಟು, ಎಂಟು ದಿನದ ಹಿಂದೆ ಹೃದಯ ನಿಂತು ಹೋಗಿಬಿಟ್ಟರು. ಕಂಟ್ರಾಕ್ಟರ್ ಆಫೀಸಿನ ಕಾಪಿ ಮಾಯ. ಉಳಿದದ್ದು ಇದೊಂದೇ. ಇವತ್ತು ಆ ಸೇತುವೆ ಮೇಲೆ ಮೊದಲು ನಡೆಯಬೇಕಾದವರು ಅದೇ ಟೀಚರ ಮೂರನೇ ಕ್ಲಾಸಿನ ಮಕ್ಕಳು!

"ಸದ್ದು ಯಾವಾಗಿಂದ?" ಎಂದು ಕೇಳಿದ್ದೆ.

"ಮೂರು ದಿನದಿಂದ. ಆಫ್ ಮಾಡಿ ಆನ್ ಮಾಡಿ ನೋಡ್ತಾನೇ ಇದ್ದೆ ಅಕ್ಕಾ..."

ತಲೆ ಚಚ್ಚಿಕೊಂಡೆ. ಟಿಕ್ ಅಂದ ತಕ್ಷಣ ನಿಲ್ಲಿಸಬೇಕು ಸಾರ್! ಒಳಗಿನ ಮುಳ್ಳು ಡೇಟಾ ಇರುವ ತಟ್ಟೆಯನ್ನು ಕೆರೆಯುತ್ತಿರುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಒಂದಷ್ಟು ಡೇಟಾ ಪುಡಿ.

"ಇದು ಇನ್ನೊಂದೇ ಸಲ ಓಡುತ್ತೆ ಟೀಚರ್. ಮೊದಲು ಏನು ತೆಗೀಲಿ?"

"ಸೇತುವೆ ಅಳತೆ ತೆಗೀರಿ. ಅಪ್ಪನ ಫೋಟೋ, ವಿಡಿಯೋ ಎಲ್ಲಾ... ಆಮೇಲೆ."

ಡಿಸ್ಕಿನಿಂದ ಹೊರಟ ವೈರು ಗೋಡೆಯ ತೂತಿನಿಂದ ಒಳಕೋಣೆಗೆ ಹೋಗಿತ್ತು. ಅಲ್ಲಿ ಕಾಪಿ ಇಳಿಯುತ್ತಿದ್ದ ಹೊಸ ಡಿಸ್ಕಿನ ಮುಂದೆ ಟೀಚರ್ ಕೂತಿದ್ದರು. ಕಂಟ್ರಾಕ್ಟರ್ ಕಡೆಯ ಈ ಇಬ್ಬರಿಗೆ ಅದು ಗೊತ್ತಿಲ್ಲ. ಹಳೇ ಡಿಸ್ಕು ಒಂದು ಚೂರು ಅಲುಗಾಡಿದರೂ ಕತೆ ಮುಗಿಯಿತು. ಅದಕ್ಕೇ ನಾನು ಕಂಬದ ಹಾಗೆ ನಿಂತಿದ್ದೆ.

ಒಳಗಿಂದ ಟಿಂಗ್!

ಅಳತೆ ಬಂದಾಯಿತು. ಇನ್ನು ಫೋಟೋ...

ಕನ್ನಡಕದವನ ಕಣ್ಣು ವೈರಿನ ಹಿಂದೆಯೇ ಹೋಯಿತು. ನಗು ಆರಿತು.

"ಹೊಡಿಯೋ!"

ಸುತ್ತಿಗೆ ಬಿತ್ತು. ಟಿಕ್ ನಿಂತಿತು.

ದಪ್ಪನವನ ಮುಂಗೈಗೆ ಐರನ್ ಒತ್ತಿದೆ. ಅವನು ಅರಚಿದ. ನಾನು ಒಳಗೆ ನುಗ್ಗಿ ಚಿಲಕ ಹಾಕಿದೆ.

"ಹೊಸದನ್ನ ಕಿತ್ಕೊಳ್ಳಿ ಟೀಚರ್! ಓಡಿ!"

ಹಿಂಬಾಗಿಲು. ಓಣಿ. ನನ್ನ ಸ್ಕೂಟರು. ಟೀಚರ್ ಡಿಸ್ಕನ್ನು ಕೂಸಿನಂತೆ ಅಪ್ಪಿಕೊಂಡು ಹಿಂದೆ ಕೂತರು. ಬೆನ್ನಿಗೇ ಕಾರು! ಎರಡು ಗೋಡೆಗಳ ನಡುವಿನ ಸಂದಿಗೆ ಸ್ಕೂಟರು ತೂರಿಸಿದೆ. ಹಿಂದೆ ಕಾರಿನ ಕನ್ನಡಿ ಒಡೆದ ಸದ್ದು, ಬೈಗುಳ...

ಮೂರೂವರೆಗೆ ಸೇತುವೆ ಆಫೀಸು. ಚೀಫ್ ಇಂಜಿನಿಯರು ಫೈಲು ತೆರೆದು ನೋಡಿದರು. ಮತ್ತೊಮ್ಮೆ ನೋಡಿದರು. ಬೆವರು ಒರೆಸಿಕೊಂಡು ಫೋನೆತ್ತಿದರು.

"ಮಕ್ಕಳನ್ನ ಹಿಂದಕ್ಕೆ ಕಳಿಸಿ... ಮಿನಿಸ್ಟರ್ ಇರ್ಲಿ, ಯಾರೇ ಇರ್ಲಿ! ಮೊದಲು ಕಳಿಸಿ!"

ಆ ಇಬ್ಬರನ್ನೂ ಅವರ ಕಂಟ್ರಾಕ್ಟರನ್ನೂ ಪೊಲೀಸರು ಮರುದಿನ ಎತ್ತಿದರು.

ವಾರದ ನಂತರ ಟೀಚರ್ ಅಂಗಡಿಗೆ ಬಂದರು. ಒಡೆದ ಡಿಸ್ಕನ್ನು ಬಿಚ್ಚಿ ತೋರಿಸಿದೆ. ತಟ್ಟೆ ಚೂರುಚೂರು.

"ಒಂದೂ ಫೋಟೋ ಇಲ್ವಾ?"

"ಇಲ್ಲ."

"ಅಪ್ಪ ನಗೋ ವಿಡಿಯೋ ಒಂದಿತ್ತು..."

ನನಗೆ ಸಮಾಧಾನ ಹೇಳಲು ಬರುವುದಿಲ್ಲ ಸಾರ್. ಬರುವುದು ಒಂದೇ ಮಾತು. ಇಪ್ಪತ್ತು ವರ್ಷದಿಂದ ಎಲ್ಲ ಗಿರಾಕಿಗೂ ಹೇಳುವ ಮಾತು. ಅದೇ ಹೊರಬಿತ್ತು.

"ಇನ್ನು ಮುಂದಾದ್ರೂ ಎರಡು ಕಾಪಿ ಇಟ್ಕೊಳ್ಳಿ ಟೀಚರ್."

ಅವರು ನನ್ನ ಮುಖ ನೋಡಿದರು.

"ಇನ್ನು ಯಾವುದರದ್ದು, ಅಕ್ಕಾ?"

ನನ್ನ ಹಾಳು ಬಾಯಿ!